ಮೂರು ಎಣಿಸುವಷ್ಟು ಜಾಗ

ಕರೆಂಟು ಹೋದರೆ ಸಂತೋಷಪಡುತ್ತಿದ್ದ ಮನುಷ್ಯ ಇಡೀ ಕಲ್ಕತ್ತೆಗೆ ಒಬ್ಬರೇ ಇದ್ದರು. ದೇವರು ಅವರನ್ನು ಹುಡುಕಿ ತಂದು ನನ್ನ ಅಕ್ಕನಿಗೇ ಗಂಟು ಹಾಕಿದ್ದ! ಎಡರಂಗದ ಸರಕಾರ ಬಂದು ಕೆಲವು ವರ್ಷಗಳಾಗಿದ್ದ ಕಾಲ. ಸಂಜೆಯಾಯಿತೆಂದರೆ ಬಾಲಿಗಂಜಿನ ನಮ್ಮ ಬೀದಿ ಕಪ್ಪಗಾಗುತ್ತಿತ್ತು. ಮನೆಮನೆಯ ಕಿಟಕಿಯಿಂದ 'ಲೋಡ್ ಶೆಡ್ಡಿಂಗ್' ಎಂಬ ನಿಟ್ಟುಸಿರು ಹೊರಬೀಳುತ್ತಿತ್ತು. ಭಾವ ಮಾತ್ರ ದೋಸೆಯ ಸಟ್ಟುಗವನ್ನು ಅಕ್ಕನ ಕೈಗಿತ್ತು, ಮೆಟ್ಟಿಲು ಎರಡೆರಡಾಗಿ ಹಾರಿ ತಾರಸಿಗೆ ಓಡುತ್ತಿದ್ದರು. ಊರಿನ ಟ್ಯೂಬ್‌ಲೈಟು, ಮೋಟಾರುಗಳೆಲ್ಲ ಸತ್ತರೆ ಅವರ ರೇಡಿಯೊದ ಕರಕರ ಅಡಗಿ, ಜಗತ್ತು ತಿಳಿಯಾಗಿ ಕೇಳಿಸುತ್ತಿತ್ತಂತೆ. ಅವರ ಯಂತ್ರಕ್ಕೆ ಕರೆಂಟಿನ ಹಂಗಿರಲಿಲ್ಲ. ಅದು ನಡೆಯುತ್ತಿದ್ದುದು ಹಳೆಯ ಟ್ಯಾಕ್ಸಿಯೊಂದರ ಬ್ಯಾಟರಿಯಿಂದ.

ಭಾವನ ಹುಚ್ಚಿಗೆ ಹ್ಯಾಮ್ ರೇಡಿಯೊ ಎಂದು ಹೆಸರು. ಸ್ವಂತ ಯಂತ್ರ ಇಟ್ಟುಕೊಂಡು ದೂರದ ಅಪರಿಚಿತರೊಡನೆ ಬಾಯಿಮಾತಿನಲ್ಲೋ, ಗಿಡ್ಡ ಸದ್ದು ಉದ್ದ ಸದ್ದುಗಳ ಮೋರ್ಸ್ ಸಂಕೇತದಲ್ಲೋ ಮಾತಾಡುವ ಹವ್ಯಾಸ ಅದು. ಪರೀಕ್ಷೆ ಪಾಸು ಮಾಡಿ ದಿಲ್ಲಿಯಿಂದ ಲೈಸೆನ್ಸ್ ತರಿಸಬೇಕು. ವ್ಯಾಪಾರದ ಮಾತು ಕೂಡದು, ರಾಜಕೀಯ ಕೂಡದು. ಕಲ್ಕತ್ತೆಯಲ್ಲಿ ಕೂತು ರಾಜಕೀಯ ಬಿಟ್ಟು ಇನ್ನೇನು ಮಾತಾಡುತ್ತೀರಿ ಎಂದು ನಾನು ಕೇಳಿದ್ದಕ್ಕೆ, "ಊಟ ಆಯ್ತಾ ಅಂತ ಕೇಳ್ತೇವೆ ಮಾರಾಯ್ತಿ. ಅದಕ್ಕಿಂತ ದೊಡ್ಡ ಮಾತು ಯಾವುದುಂಟು? ಓವರ್" ಎಂದಿದ್ದರು.

ಈ 'ಓವರ್' ಒಂದು ರೋಗ. ತನ್ನ ಸರದಿ ಮುಗಿಯಿತು, ಇನ್ನು ನೀನು ಎಂದು ಹೇಳುವ ರೇಡಿಯೊ ಪದ್ಧತಿಯನ್ನು ಅವರು ಊಟದ ಮನೆಗೂ ತಂದಿದ್ದರು. ಸಾಲದ್ದಕ್ಕೆ, ಎದುರಿನವರು ಮಾತು ಮುಗಿಸಿದ ಮೇಲೆ ಮನಸ್ಸಿನಲ್ಲಿ ಮೂರು ಎಣಿಸಿಯೇ ಉತ್ತರ ಕೊಡುತ್ತಿದ್ದರು. ಇಬ್ಬರು ಮಾತಾಡುವಾಗ ನಡುವೆ ಜಾಗ ಬಿಡಬೇಕು, ಕ್ಷೀಣ ಸಿಗ್ನಲ್ಲಿನವನು ಯಾವನೋ ಒಬ್ಬ ಕಷ್ಟದಲ್ಲಿ ಕರೆಯುತ್ತ ಕಾದಿರಬಹುದು, ಆ ಮೂರು ಕ್ಷಣ ಅವನದ್ದು ಎಂಬುದು ಅವರ ವಾದ. ಅಡುಗೆಮನೆಯಲ್ಲಿ ಯಾವ ಬಡಪಾಯಿ ಕಾದಿರುತ್ತಾನೆ? ಅಕ್ಕ ಆ ಮೂರು ಕ್ಷಣಗಳಲ್ಲಿ ಇಡೀ ದಿನದ ಬೈಗುಳವನ್ನು ಮುಗಿಸಿಬಿಡುತ್ತಿದ್ದಳು.

ನನಗಂತೂ ಆ ಖಾಲಿ ಜಾಗ ಸಹಿಸಲಾಗುತ್ತಿರಲಿಲ್ಲ. ನಾನು ಬೆಳೆದದ್ದು ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹಾಸ್ಟೆಲಿನಲ್ಲಿ. ಆಮೇಲೆ ಕಲ್ಕತ್ತೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಬೆಳಗಿನ ಪಾಳಿಯ ಟೀಚರಾದೆ. ನಾಲ್ಕೂವರೆಗೆ ಏಳುವುದು, ಹನ್ನೆರಡಕ್ಕೆ ಮನೆ, ಒಂದಕ್ಕೆ ಊಟ, ಎರಡರಿಂದ ನಾಲ್ಕು ವಿಶ್ರಾಂತಿ. ಆ ಎರಡು ಗಂಟೆ ಯಾರು ಬಂದರೂ ಬಾಗಿಲು ತೆರೆಯುವುದಿಲ್ಲ ಎಂಬುದು ಬೀದಿಯ ಮೀನಿನವನಿಗೂ ಗೊತ್ತಿತ್ತು. ಯಜಮಾನರು ಒಮ್ಮೆ ಜೋಕಾದ ತಮ್ಮ ಕಚೇರಿಯಿಂದ ಬೇಗ ಬಂದುಬಿಟ್ಟು, ನಾಲ್ಕು ಹೊಡೆಯುವ ತನಕ ಎದುರಿನ ಜಗಲಿಯಲ್ಲಿ ಕೂತಿದ್ದರು. ಈ ಶಿಸ್ತಿನ ಬಗ್ಗೆ ನನಗೆ ಹೆಮ್ಮೆಯಿತ್ತು. ಇತ್ತು ಎಂದೆ, ಅದನ್ನು ನೆನಪಿಟ್ಟುಕೊಳ್ಳಿ.

ನಮ್ಮ ಮನೆಯಿಂದ ನಾಲ್ಕನೆಯ ಕಟ್ಟಡ ಅಕ್ಕಭಾವನದು. ಕೆಳಗೆ ಉಡುಪಿ ತಿಂಡಿಯ ಹೋಟೆಲು, ಮೇಲೆ ಮನೆ, ಅದರ ಮೇಲೆ ಆಕಾಶಕ್ಕೆ ಚಾಚಿದ ತಂತಿ. ಆ ತಂತಿಯನ್ನು ಕಂಡು ಒಂದು ದಿನ ಪಕ್ಷದ ಹುಡುಗರು ನಾಲ್ವರು ಬಂದರು. ಯಾರ ಜೊತೆ ಮಾತಾಡುತ್ತೀರಿ ಕಾಕಾ, ಅಮೆರಿಕದ ಜೊತೆಯೇ ಎಂದು ಗಂಟುಮುಖ ಹಾಕಿ ಕೇಳಿದರು. ಭಾವ ಮೂರು ಎಣಿಸಿ, ಬಹಳ ಬೇಸರದಿಂದ, ಅಮೆರಿಕ ಸಿಗುವುದೇ ಕಷ್ಟ, ರಷ್ಯಾ ಮಾತ್ರ ತುಂಬ ಚೆನ್ನಾಗಿ ಸಿಗುತ್ತದೆ ಎಂದರು. ಹುಡುಗರು ಅಲ್ಲಿಯೇ ಕೂತರು. ಚಹಾ ಬಂತು, ವಡೆ ಬಂತು. ಮರುದಿನ ಮೆರವಣಿಗೆಯಲ್ಲಿ ಉಳಿದ ಎರಡು ಉದ್ದನೆಯ ಬಿದಿರುಗಳನ್ನು ಅವರೇ ಹೊತ್ತು ತಂದು ತಂತಿಯನ್ನು ಇನ್ನಷ್ಟು ಎತ್ತರಕ್ಕೆ ಕಟ್ಟಿಕೊಟ್ಟರು!

ಇಷ್ಟೇ ಆಗಿದ್ದರೆ ಮನೆಯೊಳಗಿನ ಹುಚ್ಚು ಎನ್ನಬಹುದಿತ್ತು. ಆದರೆ ಭಾವನಿಗೆ ಮಕ್ಕಳಿರಲಿಲ್ಲ, ಐವತ್ತೈದು ದಾಟಿತ್ತು, ಎದೆ ಆಗಾಗ ಹಿಡಿಯುತ್ತಿತ್ತು. ತಾನು ಹೋದ ಮೇಲೆ ಈ ತಂತಿಯ ಕೆಳಗೆ ಯಾರು ಕೂರುತ್ತಾರೆ ಎಂಬ ಚಿಂತೆ ಅವರಿಗೆ ಹತ್ತಿಕೊಂಡಿತು. ಒಬ್ಬರು, ಒಬ್ಬರೇ ಒಬ್ಬರು ಎಳೆಯರು ಲೈಸೆನ್ಸ್ ಪಡೆದು ತನಗೆ ಒಂದು ಸಲ ಉತ್ತರ ಕೊಟ್ಟರೆ ಸಾಕು ಎನ್ನುತ್ತಿದ್ದರು. ಅಂದಿನಿಂದ ದೋಸೆ ತಿನ್ನಲು ಬಂದ ಕಾಲೇಜಿನ ಮಕ್ಕಳಿಗೆ ಬಿಡುಗಡೆಯಿಲ್ಲ. ಚಟ್ನಿಯ ಜೊತೆ ಒಂದು ಭಾಷಣ: ಈ ಊರಿನ ಟೆಲಿಫೋನು ಸತ್ತರೆ ತಿಂಗಳುಗಟ್ಟಲೆ ಏಳುವುದಿಲ್ಲ, ಬಿರುಗಾಳಿ ಬಂದರೆ ತಂತಿ ಹರಿಯುತ್ತದೆ, ಆಗ ಮಾತಾಡುವವರು ನಾವೇ. ಕಾವಲಿಯ ಮೇಲೆ ಸಟ್ಟುಗದಿಂದ ಗಿಡ್ಡ ಸದ್ದು, ಉದ್ದ ಸದ್ದು ಕುಟ್ಟಿ ತೋರಿಸುತ್ತಿದ್ದರು. ಎ ಅಕ್ಷರ ಕಲಿಸುವುದರೊಳಗೆ ದೋಸೆ ಸೀಯುತ್ತಿತ್ತು. ಬಿ ಕಲಿಸುವುದರೊಳಗೆ ಗಿರಾಕಿ ಎದ್ದು ಹೋಗಿರುತ್ತಿದ್ದ.

ಆಮೇಲೆ ಪಾಡಾ ಕ್ಲಬ್ಬಿನ, ಅಂದರೆ ನಮ್ಮ ಕೇರಿಯ ಸಂಘದ, ಕೇರಂ ಕೋಣೆಯಲ್ಲಿ ಭಾನುವಾರದ ತರಗತಿ ಶುರು ಮಾಡಿದರು. ಮೊದಲ ವಾರ ಹನ್ನೊಂದು ಜನ ಬಂದರು, ಏಕೆಂದರೆ ವಡೆ ಇತ್ತು. ಎರಡನೆಯ ವಾರ ಅಕ್ಕ ವಡೆ ನಿಲ್ಲಿಸಿದಳು, ಮೂವರು ಬಂದರು. ಮೂರನೆಯ ವಾರ ಬಂದದ್ದು ಒಬ್ಬಳೇ, ನನ್ನ ಮಗಳು. ಅವಳೂ ಕಲಿಯಲು ಹೋದದ್ದಲ್ಲ. ಮೂರು ತಾರಸಿ ದಾಟಿ ಬಂದ ನಿಮ್ಮ ತಂತಿಯ ಹಗ್ಗವನ್ನು ನನ್ನ ಬಟ್ಟೆ ಒಣಗಿಸುವ ಕಂಬದಿಂದ ತಕ್ಷಣ ಬಿಚ್ಚಿ ಎಂದು ನಾನು ಕಳಿಸಿದ್ದ ಚೀಟಿ ಕೊಡಲು ಹೋಗಿದ್ದಳು. ಒಂದು ಗಂಟೆಯಾದರೂ ಬರಲಿಲ್ಲ. ಬಂದಾಗ ಬಾಯಲ್ಲಿ ಡಿಡಾ ಡಿಡಾ!

ಅವಳಿಗೆ ಆಗ ಹದಿನೈದು. ಮಾತು ಕಡಿಮೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೋ ಬಂಗಾಳಿಯಲ್ಲೋ ಉತ್ತರ. ನಾನು ಟೀಚರು, ನನ್ನ ಮಗಳಿಗೇ ಕನ್ನಡ ಆಡಿಸಲಾಗಲಿಲ್ಲವಲ್ಲ ಎಂಬ ಕೊರಗು ನನಗಿತ್ತು. ಭಾವ ಅದಕ್ಕೆ ತಲೆ ಕೆಡಿಸಿಕೊಳ್ಳಲೇ ಇಲ್ಲ. ಅಭ್ಯಾಸಕ್ಕೆಂದು ಇಟ್ಟ ಬಜರ್ ಎಂಬ ಪುಟ್ಟ ಸದ್ದಿನ ಪೆಟ್ಟಿಗೆಯಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಮಾತನ್ನು ಕುಟ್ಟುತ್ತಿದ್ದರು. ಅವಳು ಪೆನ್ಸಿಲಿನಲ್ಲಿ ಒಂದೊಂದೇ ಅಕ್ಷರ ಹಿಡಿದು ಬರೆದು, ಓದಿ, ನಗುತ್ತಿದ್ದಳು. ತಿರುಗಿ ಕುಟ್ಟಬೇಕಲ್ಲ, ಹಾಗಾಗಿ ಬಾಯಿಗೆ ಬಾರದ ಕನ್ನಡ ಬೆರಳಿಗೆ ಬಂತು. ನನ್ನ ಮಗಳು ಹುಟ್ಟಿ ಹದಿನೈದು ವರ್ಷಕ್ಕೆ ಪೂರ್ತಿಯಾಗಿ ಆಡಿದ ಮೊದಲ ಕನ್ನಡ ವಾಕ್ಯ 'ಊಟ ಆಯ್ತಾ', ಅದೂ ಒಂದು ಬಜರಿನಲ್ಲಿ. ಅಳಬೇಕೋ ನಗಬೇಕೋ?

ಆದರೆ ಭಾವನ ಕೈಯಲ್ಲೊಂದು ದೋಷವಿತ್ತು. ಮೋರ್ಸ್ ಕುಟ್ಟುವವರ ಕೈಗೆ ನಡಿಗೆಯಂತೆ ಒಂದು ಗುರುತು ಇರುತ್ತದಂತೆ. ಭಾವ ಮಾತಿನ ಕೊನೆಯ ಉದ್ದ ಸದ್ದನ್ನು ಚಪ್ಪಲಿ ಎಳೆದುಕೊಂಡು ಹೋಗುವವರ ಹಾಗೆ ಎಳೆಯುತ್ತಿದ್ದರು. ಮಗಳೂ ಎಳೆಯತೊಡಗಿದಳು. ಕಲಿಸುವುದಾದರೆ ನೆಟ್ಟಗೆ ಕಲಿಸಿ ಎಂದು ನಾನು ಗದರಿದೆ. ಅವರ ಗೆಳೆಯರೊಬ್ಬರು, ಸರಕು ಹಡಗಿನಲ್ಲಿ ರೇಡಿಯೊ ಅಧಿಕಾರಿಯಾಗಿದ್ದ ಕುಂದಾಪುರದವರು, ತಿಂಗಳುಗಟ್ಟಲೆ ಎಲ್ಲೆಲ್ಲೋ ಇದ್ದು, ಬಂಗಾಳಕೊಲ್ಲಿಗೆ ಬಂದಾಗ ಮಧ್ಯಾಹ್ನ ಎರಡೂವರೆಗೆ ಭಾವನನ್ನು ಕರೆಯುತ್ತಿದ್ದರು. ಆ ಎಳೆತವೇ ನನ್ನ ವಿಳಾಸ, ಹೆಸರು ಹೇಳುವ ಮೊದಲೇ ಅವನಿಗೆ ನಾನೆಂದು ಗೊತ್ತಾಗುತ್ತದೆ ಎಂದು ಭಾವ ಜಂಬ ಕೊಚ್ಚಿದರು.

ಮಗಳು ಹದಿನಾರಕ್ಕೆ ಪರೀಕ್ಷೆಗೆ ಕೂತಳು, ಪಾಸಾದಳು. ಭಾವ ಆ ದಿನ ಹೋಟೆಲಿಗೆ ಬಂದವರಿಗೆಲ್ಲ ಕೇಸರಿಬಾತ್ ಹಂಚಿ, ಏಕೆಂದು ಯಾರಿಗೂ ಹೇಳಲು ಮರೆತರು. ಇನ್ನು ಉಳಿದದ್ದು ಪೊಲೀಸ್ ವಿಚಾರಣೆ ಮಾತ್ರ. ಠಾಣೆಯವರು ಮನೆಗೆ ಬಂದು, ಹುಡುಗಿ ಇಲ್ಲಿಯೇ ಇರುವುದು ನಿಜ ಎಂದು ಬರೆದು ಕಳಿಸಿದರೆ ದಿಲ್ಲಿಯಿಂದ ಲೈಸೆನ್ಸ್ ಬರುತ್ತದೆ.

ಒಂದು ತಿಂಗಳಾಯಿತು, ಎರಡಾಯಿತು. ಭಾವನ ಎದೆನೋವು ಹೆಚ್ಚಿತು. ಡಾಕ್ಟರು ಮೆಟ್ಟಿಲು ಹತ್ತಕೂಡದೆಂದರು. ಯಂತ್ರವನ್ನು ತಾರಸಿಯಿಂದ ಇಳಿಸಿ ಮಂಚದ ಪಕ್ಕ ಇಟ್ಟೆವು. ನಾಲ್ಕನೆಯ ತಿಂಗಳು ನಾನೇ ಛತ್ರಿ ಹಿಡಿದು ಠಾಣೆಗೆ ಹೋದೆ. ಸರಕಾರಿ ಸೋಮಾರಿತನದ ಬಗ್ಗೆ ಅರ್ಧ ಗಂಟೆಗಾಗುವಷ್ಟು ಮಾತು ಜೋಡಿಸಿಕೊಂಡು ಹೋಗಿದ್ದೆ. ಅಲ್ಲಿನ ದಪ್ಪ ಕನ್ನಡಕದವರು ದಾಖಲೆ ಪುಸ್ತಕ ತೆಗೆದು ನೋಡಿ ಶಾಂತವಾಗಿ ಹೇಳಿದರು. ಮೊದಲ ತಿಂಗಳಿನಲ್ಲೇ ನಮ್ಮವನು ಬಂದಿದ್ದ. ಮಧ್ಯಾಹ್ನ ಎರಡೂವರೆಗೆ. ಮೇಲಿನ ಕಿಟಕಿಯಿಂದ ಒಬ್ಬ ಮಹಿಳೆ, ನಾಲ್ಕರ ಮೇಲೆ ಬನ್ನಿ ಎಂದು ಹೇಳಿ ಕಿಟಕಿ ಹಾಕಿಕೊಂಡರು. 'ಅರ್ಜಿದಾರರು ಸಿಗಲಿಲ್ಲ' ಎಂದು ಬರೆದು ಕಡತ ದಿಲ್ಲಿಗೆ ವಾಪಸು ಕಳಿಸಲಾಯಿತು. ಇನ್ನು ಮೊದಲಿನಿಂದ ಆಗಬೇಕು.

ನನಗೆ ನೆನಪಾಯಿತು. ಸಾದಾ ಅಂಗಿ, ಕಂಕುಳಲ್ಲಿ ಕಡತ. ಸೋಪಿನ ಪುಡಿ ಮಾರುವವನೆಂದುಕೊಂಡಿದ್ದೆ. ಅವನು ಏನೋ ಹೇಳಲು ಬಾಯಿ ತೆರೆದಿದ್ದ. ಒಂದು, ಎರಡು, ಮೂರು ಎಣಿಸುವಷ್ಟು ನಿಂತಿದ್ದರೆ ಸಾಕಿತ್ತು. ನಾನು ನಿಲ್ಲಲಿಲ್ಲ.

ಮತ್ತೆ ವಿಚಾರಣೆ ನಡೆಸಿ ಎಂದು ಅಲ್ಲಿಯೇ ಬರೆದುಕೊಟ್ಟು ಮನೆಗೆ ಬಂದೆ, ಕಿಟಕಿಯ ವಿಷಯ ಯಾರಿಗೂ ಹೇಳಲಿಲ್ಲ. ಎಲ್ಲ ಸರಿಹೋಗುತ್ತದಂತೆ ಎಂದಷ್ಟೇ ಹೇಳಿದೆ. ಮೂವತ್ತು ವರ್ಷ ಹುಡುಗಿಯರಿಗೆ ತಪ್ಪೊಪ್ಪಿಕೊಳ್ಳುವುದನ್ನು ಕಲಿಸಿದವಳು ನಾನು.

ಅದಾದ ಮೇಲೆ ಭಾವ ದಿನದಿನಕ್ಕೆ ಇಳಿದರು. ಮಗಳು ಶಾಲೆಯಿಂದ ನೇರ ಅಲ್ಲಿಗೇ ಹೋಗುತ್ತಿದ್ದಳು. ಮಂಚದ ಈ ಕಡೆ ಆ ಕಡೆ ಕೂತು ಬಜರಿನಲ್ಲಿ ಇಬ್ಬರೂ ಕುಟ್ಟುತ್ತಿದ್ದರು. ರೇಡಿಯೊದಲ್ಲಿ ಬರುವ ದೂರದ ಸದ್ದು ಕೇಳುವುದು, ಬರೆದುಕೊಳ್ಳುವುದು, ಅಷ್ಟೇ. ಲೈಸೆನ್ಸ್ ಇಲ್ಲದೆ ಆಕಾಶಕ್ಕೆ ಒಂದು ಚುಕ್ಕೆ ಸದ್ದನ್ನೂ ಕಳಿಸುವಂತಿಲ್ಲ. ಒಂದು ಸಂಜೆ ನನ್ನಿಂದ ತಡೆಯಲಾಗಲಿಲ್ಲ. ಮಗಳು ನೀರು ತರಲು ಹೋದಾಗ ಮಂಚದ ಹತ್ತಿರ ಬಾಗಿ ಕೇಳಿದೆ: "ಒಂದೇ ಸಲ ಅವಳ ಕೈಲಿ ಕಳಿಸಿಬಿಡಿ ಭಾವ. ನಿಮಗೆ ನೋಡಿದ ಹಾಗಾಗುತ್ತದೆ. ಯಾರಿಗೆ ಗೊತ್ತಾಗುತ್ತದೆ?"

ಜೀವಮಾನದಲ್ಲಿ ಒಂದು ಬಸ್ಸನ್ನೂ ಸಮಯಕ್ಕೆ ಹಿಡಿಯದ, ಎರಡು ಕಾಲಿಗೆ ಎರಡು ಬಣ್ಣದ ಚಪ್ಪಲಿ ಹಾಕಿಕೊಂಡು ಎಸ್‌ಪ್ಲನೇಡಿನ ತನಕ ಹೋಗಿ ಬಂದಿದ್ದ ಮನುಷ್ಯ ನನ್ನನ್ನು ಆಶ್ಚರ್ಯದಿಂದ ನೋಡಿದರು. ನಿಯಮ ಮುರಿಯಿರಿ ಎಂದು ಬೇಡುತ್ತಿದ್ದವಳು ನಾನು. ಕೂಡದು ಎನ್ನುತ್ತಿದ್ದವರು ಅವರು.

"ನಾನು ಅವಳಿಗೆ ಹೇಳಿಕೊಟ್ಟ ಮೊದಲ ಪಾಠವೇ ಅದು ಮಾರಾಯ್ತಿ," ಎಂದರು. ಉಸಿರು ತೆಗೆದುಕೊಂಡು, "ಲೈಸೆನ್ಸ್ ಬರ್ತದೆ. ಸರಕಾರ ಸ್ವಲ್ಪ ಜಾಗ ಬಿಟ್ಟು ಮಾತಾಡ್ತದೆ, ಅಷ್ಟೇ. ಓವರ್" ಎಂದರು.

ಆಗ ಹೇಳಬೇಕಿತ್ತು. ಅವರು ಮೂರು ಕ್ಷಣ ಬಿಟ್ಟೂ ಕೊಟ್ಟರು. ಕ್ಷೀಣ ಸಿಗ್ನಲ್ಲಿನವಳು ಆ ದಿನ ನಾನೇ ಆಗಿದ್ದೆ. ಔಷಧಿಯ ಹೊತ್ತಾಯಿತು ಎಂದು ಎದ್ದುಬಿಟ್ಟೆ.

ದುರ್ಗಾಪೂಜೆಗೆ ಹದಿನೈದು ದಿನ ಇರುವಾಗ, ಬೀದಿಯಲ್ಲಿ ಪೆಂಡಾಲಿಗೆ ಬಿದಿರು ಕಟ್ಟುತ್ತಿದ್ದ ಒಂದು ಬೆಳಿಗ್ಗೆ ಭಾವ ಹೋದರು. ತಂತಿ ಕಟ್ಟಿಕೊಟ್ಟಿದ್ದ ಪಕ್ಷದ ಹುಡುಗರೇ ಹೆಗಲು ಕೊಟ್ಟರು. ಹದಿಮೂರನೆಯ ದಿನ, ಬಂದವರೆಲ್ಲ ಉಂಡು ಹೋದ ಮೇಲೆ, ಎಲೆ ಎತ್ತುತ್ತಿದ್ದ ಅಕ್ಕನ ಮುಂದೆ ನಾನು ಬಾಯಿಬಿಟ್ಟೆ. ಕಿಟಕಿ, ಎರಡೂವರೆ, ನಾಲ್ಕರ ಮೇಲೆ ಬನ್ನಿ, ಎಲ್ಲವನ್ನೂ ಹೇಳಿದೆ.

ಅಕ್ಕ ಎಲೆಯನ್ನು ಮಡಚಿ ಇಟ್ಟು, "ಅವರಿಗೆ ಗೊತ್ತಿತ್ತು" ಎಂದಳು.

ಆ ಪೊಲೀಸಿನವನು ಅದೇ ಮಧ್ಯಾಹ್ನ ಕೆಳಗಿನ ಹೋಟೆಲಿಗೆ ಬಂದು ದೋಸೆ ತಿಂದನಂತೆ. ನಿಮ್ಮ ಪಾಡಾದಲ್ಲಿ ಒಬ್ಬ ದಿದಿಮೊಣಿ, ಟೀಚರಮ್ಮ, ಇದ್ದಾರೆ, ಪೊಲೀಸರಿಗೂ ಟೈಮ್‌ಟೇಬಲ್ ಕೊಡುತ್ತಾರೆ ಎಂದು ನಕ್ಕನಂತೆ. ವಿಷಯ ಹೊಳೆದು ಭಾವ ಹಿಂದೆಯೇ ಓಡಿದರೂ ಅವನು ಸಿಗಲಿಲ್ಲವಂತೆ. ಆಮೇಲೆ ಮೂರು ಸಲ ಅಕ್ಕನಿಗೂ ಹೇಳದೆ ಠಾಣೆಗೆ ಹೋಗಿ ಕೂತು ಬಂದರಂತೆ. ಕಡತ ಆಗಲೇ ಹೊರಟುಹೋಗಿತ್ತು.

"ನನಗೆ ಯಾಕೆ ಹೇಳಲಿಲ್ಲ?" ಎಂದೆ.

"ನಾನೂ ಕೇಳಿದೆ. 'ಅವಳಿಗೆ ಹೇಳ್ಬೇಡ, ಪಾಪ, ಮಧ್ಯಾಹ್ನದ ನಿದ್ದೆ ಹಾಳಾಗ್ತದೆ' ಅಂದ್ರು."

ಹಾಳಾಯಿತು. ಅಂದಿನಿಂದ ಇಂದಿನವರೆಗೆ ಎರಡರಿಂದ ನಾಲ್ಕು ನಾನು ಕಣ್ಣು ಮುಚ್ಚಿದವಳಲ್ಲ. ಬಾಗಿಲು ತೆರೆದೇ ಇರುತ್ತದೆ. ಸೋಪಿನ ಪುಡಿಯವನಿಗೆ ನೀರು ಕೊಟ್ಟು ಕೂರಿಸಿ ಮಾತಾಡಿಸುತ್ತೇನೆ.

ಲೈಸೆನ್ಸ್ ಬಂದದ್ದು ಎರಡನೆಯ ವಿಚಾರಣೆಯೂ ಆಗಿ, ಪೂಜೆಯ ರಜೆ ಮುಗಿದ ಮೇಲೆ, ಸಾದಾ ಕಂದು ಲಕೋಟೆಯಲ್ಲಿ. ಮಗಳು ಅದನ್ನು ಓದಿ, ಮಡಚಿ, ಯಂತ್ರವನ್ನು ಮತ್ತೆ ತಾರಸಿಗೆ ಹೊರಿಸಿದಳು. ಮರುದಿನ ಭಾನುವಾರ, ಎರಡೂವರೆಗೆ ಕೂತಳು. ನಾನೂ ಹತ್ತಿ ಹೋಗಿ ಪಕ್ಕದಲ್ಲಿ ಕೂತೆ. ಅವಳು ಲೈಸೆನ್ಸಿನಲ್ಲಿ ಕೊಟ್ಟಿದ್ದ ತನ್ನ ಸಂಕೇತದ ಹೆಸರನ್ನೂ, ಯಾರಾದರೂ ಇದ್ದೀರಾ ಎಂಬ ಕರೆಯನ್ನೂ ಕುಟ್ಟಿದಳು. ಕೊನೆಯಲ್ಲಿ ಆ ದರಿದ್ರ ಎಳೆತ. ಆಮೇಲೆ ಬರೀ ಕರಕರ. ಯಾರೂ ಇಲ್ಲ, ಏಳು ಎನ್ನಲು ಬಾಯಿ ತೆರೆದೆ. ಮುಚ್ಚಿಕೊಂಡೆ.

ಆ ಕರಕರದ ಒಳಗಿನಿಂದ ಸಣ್ಣದೊಂದು ಸದ್ದು ಎದ್ದಿತು. ಮಗಳ ಪೆನ್ಸಿಲು ಓಡಿತು. ಕುಂದಾಪುರದ ಗೆಳೆಯರ ಹಡಗು ಕೊಲ್ಲಿಗೆ ಬಂದಿತ್ತು. ಗದ್ದಲದಲ್ಲಿ ಅವಳ ಸಂಕೇತ ಅವರಿಗೆ ಸಿಕ್ಕಿರಲಿಲ್ಲ. ಕೈ ಮಾತ್ರ ಸಿಕ್ಕಿತ್ತು. ಕಾಗದದ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಹೀಗೆ ಬಂತು: 'ಎಲ್ಲಿದ್ದೆ ಮಾರಾಯ ಇಷ್ಟು ದಿನ. ಊಟ ಆಯ್ತಾ.'

ಮಗಳು ನನ್ನ ಮುಖ ನೋಡಿದಳು. ನಾನು ಒಂದು, ಎರಡು, ಮೂರು ಎಣಿಸಿದೆ. "ಮಲಗಿದ್ದಾರೆ ಅಂತ ಹೇಳು," ಎಂದೆ.

"ಇಲ್ಲಮ್ಮ. ಸುಳ್ಳು ಸಿಗ್ನಲ್ ಕಳಿಸಬಾರದು," ಎಂದಳು. ಬಾಯಿಂದಲೇ, ಕನ್ನಡದಲ್ಲೇ. ಆಮೇಲೆ ಯಂತ್ರದ ಮೋರ್ಸ್ ಕೀಲಿಯ ಮೇಲೆ ಬೆರಳಿಟ್ಟು, ಕುಟ್ಟುತ್ತ, ಕುಟ್ಟಿದ್ದನ್ನು ನನಗಾಗಿ ಮೆಲ್ಲಗೆ ಓದುತ್ತ ಹೋದಳು:

"ದೊಡ್ಡಪ್ಪ ಇಲ್ಲ. ನಾನು ಇದ್ದೇನೆ. ಓವರ್."

ಆ ಕಡೆಯಿಂದ ಬಹಳ ಹೊತ್ತು ಏನೂ ಬರಲಿಲ್ಲ. ನಾನು ಎಣಿಸಲಿಲ್ಲ.