ನಾಲ್ಕೂವರೆ ಎಂದರೆ ನಾಲ್ಕೂವರೆ

ಹಳದಿ ಬಾವುಟದ ಹಿಂದೆ ನಡೆಯುವವನು ನಾನಲ್ಲ!

ಹಡಗಿನ ಐದನೆಯ ಅಂತಸ್ತಿನಲ್ಲಿ, ಪ್ರವಾಸದ ಕೌಂಟರಿನ ಮುಂದೆ ನಿಂತು ನಾನು ಈ ಪ್ರತಿಜ್ಞೆ ಮಾಡಿದಾಗ ಸುತ್ತ ಇಪ್ಪತ್ತು ಜನ ಸಾಕ್ಷಿಗಳಿದ್ದರು. ಮಾರನೆಯ ದಿನ ಬಂದರಿನಲ್ಲಿ ಇಳಿದು ಊರು ನೋಡಲು ಹೆಸರು ಬರೆಸುತ್ತಿದ್ದವರು ಅವರು. ಹೆಸರು ಬರೆಸಿದವರ ಎದೆಗೆ ಒಂದು ಹಳದಿ ಚೀಟಿ. ಮುಂದೆ ಹಳದಿ ಬಾವುಟ ಹಿಡಿದ ಗೈಡಮ್ಮ, ಹಿಂದೆ ನಲವತ್ತು ಮಂದಿ. ಆಕೆ ನಿಂತರೆ ನಿಲ್ಲಬೇಕು, ನಡೆದರೆ ನಡೆಯಬೇಕು, "ಇದು ಹಳೇ ಗೋಡೆ" ಎಂದರೆ ಗೋಡೆಯ ಕಡೆ ತಿರುಗಿ ತಲೆಯಾಡಿಸಬೇಕು.

"ಕುರಿಮಂದೆ," ಎಂದೆ.

"ಅಮ್ಮನೂ ಹೆಸರು ಬರೆಸಿದ್ದಾರೆ," ಎಂದಳು ಹೆಂಡತಿ.

"ಹಿರಿಯರ ವಿಷಯ ಬೇರೆ ಬಿಡು," ಎಂದೆ.

ಇದು ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬಿದ ಸಂತೋಷದ ಪ್ರವಾಸ. ನಾವಿಬ್ಬರೇ ಹೋಗುವುದೆಂದು ತೀರ್ಮಾನವಾಗಿತ್ತು. ಆದ್ದರಿಂದ ಅತ್ತೆಯವರೂ ಸೇರಿ ಮೂವರು ಹೊರಟಿದ್ದೆವು.

ನನ್ನ ಜಂಬಕ್ಕೆ ಆಧಾರವಿಲ್ಲದೆ ಇರಲಿಲ್ಲ. ನಾನು ಹೈಸ್ಕೂಲು ಮೇಷ್ಟ್ರು. ಪಾಠ ಹೇಳುವುದು ಹೊಟ್ಟೆಪಾಡಿಗೆ. ನನ್ನ ಕೀರ್ತಿಯೆಲ್ಲ ಇರುವುದು ಟೈಮ್‌ಟೇಬಲ್ಲಿನಲ್ಲಿ. ಇಪ್ಪತ್ತೆರಡು ವರ್ಷಗಳಿಂದ ನಮ್ಮ ಶಾಲೆಯ ಟೈಮ್‌ಟೇಬಲ್ ಹಾಕುವವನು ನಾನೇ. ಮೂವತ್ತೊಂದು ಜನ ಮೇಷ್ಟ್ರು, ಹದಿನಾಲ್ಕು ಸೆಕ್ಷನ್ನು, ಒಂದೇ ಮೈದಾನ, ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಗಣಿತದ ಮೇಷ್ಟ್ರು! ಇಷ್ಟನ್ನೂ ಒಂದೇ ಹಾಳೆಯ ಮೇಲೆ ಜಗಳವಿಲ್ಲದೆ ಕೂರಿಸಿದವನು ನಾನು. ಗುರುವಾರ ಮೂರನೆಯ ಪೀರಿಯಡ್ಡಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಎಲ್ಲಿರುತ್ತಾರೆಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಅವರ ಹೆಂಡತಿ ಎರಡು ಸಲ ಫೋನು ಮಾಡಿ ಕೇಳಿದ್ದಾರೆ.

ಇಂಥವನಿಗೆ ಒಂದು ಊರು ಸುತ್ತಲು ಬಾವುಟ ಬೇಕೇ?

ಹಡಗು ಬಂದರಿಗೆ ಬರುವುದು ಬೆಳಿಗ್ಗೆ ಎಂಟೂವರೆಗೆ. ಎಲ್ಲರೂ ಹತ್ತಿ, ಮೆಟ್ಟಿಲು ಎತ್ತುವುದು ನಾಲ್ಕೂವರೆಗೆ. ಲೆಕ್ಕ ಹಾಕಿದರೆ ಎಂಟು ಗಂಟೆ. ಅಂದರೆ ಎಂಟು ಪೀರಿಯಡ್ಡು! ಕ್ಯಾಬಿನ್ನಿಗೆ ಬಂದವನೇ ಪೆಟ್ಟಿಗೆಯಿಂದ ಸ್ಕೇಲು, ಕೆಂಪು ಪೆನ್ನು ಹೊರತೆಗೆದೆ.

"ರೀ, ಟೂರಿಗೆ ಸ್ಕೇಲ್ ತಂದಿದ್ದೀರಾ?"

"ನೀನು ಸೂಜಿ ದಾರ ತಂದಿಲ್ವಾ?"

ಗೆರೆ ಎಳೆದು ಕೂರಿಸಿದೆ: ಕೋಟೆ, ಮ್ಯೂಸಿಯಮ್ಮು, ಗಡಿಯಾರದ ಗೋಪುರ, ಹಳೆಯ ಮಾರುಕಟ್ಟೆ, ಕಲ್ಲಿನ ಸೇತುವೆ, ಹೂದೋಟ, ಗುಡ್ಡದ ಮೇಲಿನ ದೀಪಸ್ತಂಭ. ಏಳು ಸ್ಥಳ. ಊಟ ನಡೆಯುತ್ತಲೇ. ಹೆಂಡತಿ ಭುಜದ ಮೇಲಿಂದ ಬಗ್ಗಿ ನೋಡಿದಳು.

"ಸಮುದ್ರ ಎಲ್ಲಿ?"

"ನಾಲ್ಕು ದಿನದಿಂದ ಸಮುದ್ರದಲ್ಲೇ ಇದೀಯಲ್ಲೇ!"

"ಸಮುದ್ರದ ಮೇಲಿದೀನಿ. ಹತ್ತನೇ ಮಹಡಿಯಿಂದ ಬಗ್ಗಿ ನೋಡೋದಕ್ಕೆ ಸಮುದ್ರ ಅಂತಾರಾ? ನಂಗೆ ಕೋಟೆ ಬೇಡ, ಗೋಪುರ ಬೇಡ. ಒಂದ್ ಸಲ ಅಲೇಲಿ ಕಾಲಿಟ್ಕೊಂಡು ನಿಂತ್ಕೋಬೇಕು. ಮದುವೆ ಆದ ವರ್ಷ ಕರ್ಕೊಂಡ್ ಹೋಗ್ತೀನಿ ಅಂದಿದ್ರಿ, ನೆನಪಿದೆಯಾ?"

ನೆನಪಿತ್ತು. ಆ ವರ್ಷ ಪರೀಕ್ಷೆ ಬಂತು, ಮುಂದಿನ ವರ್ಷ ಮಗಳು ಬಂದಳು, ಆಮೇಲೆ ಟೈಮ್‌ಟೇಬಲ್ ಬಂತು. ನಾನು ಉದಾರವಾಗಿ ಎಂಟನೆಯ ಪೀರಿಯಡ್ಡಿನ ಕೊನೆಯಲ್ಲಿ ಬರೆದೆ: "ಕಾಲು ನೆನೆಸುವುದು, ಇಪ್ಪತ್ತು ನಿಮಿಷ (ಒರೆಸಿಕೊಳ್ಳುವುದೂ ಸೇರಿ)."

ಇಲ್ಲಿ ನಮ್ಮ ಮನೆಯ ಒಂದು ಗುಟ್ಟನ್ನು ಬಿಟ್ಟುಕೊಡಬೇಕಾಗಿದೆ. ನನ್ನ ಹೆಂಡತಿ ಹೊರಡುವುದು ನಿಧಾನ. ಮದುವೆಯಾದ ಹೊಸದರಲ್ಲೇ ಇದನ್ನು ಕಂಡುಕೊಂಡ ನಾನು ಒಂದು ಉಪಾಯ ಹೂಡಿದೆ. ಬಸ್ಸು ಹತ್ತಕ್ಕಿದ್ದರೆ ಅವಳಿಗೆ ಒಂಬತ್ತು ಎನ್ನುವುದು. ಮದುವೆಯೂಟ ಒಂದು ಗಂಟೆಗಿದ್ದರೆ ಹನ್ನೆರಡು ಎನ್ನುವುದು. ಎರಡೇ ತಿಂಗಳಲ್ಲಿ ಅವಳಿಗೆ ಇದು ಗೊತ್ತಾಯಿತು. ಅಂದಿನಿಂದ ನಾನು ಹೇಳಿದ ಸಮಯಕ್ಕೆ ಅವಳು ಮನಸ್ಸಿನಲ್ಲೇ ಒಂದು ಗಂಟೆ ಕೂಡಿಸಿಕೊಳ್ಳುತ್ತಾಳೆ. ನಾನು ಕಳೆಯುತ್ತೇನೆ, ಅವಳು ಕೂಡಿಸುತ್ತಾಳೆ, ಇಬ್ಬರೂ ಸರಿಯಾದ ಹೊತ್ತಿಗೆ ಬಸ್ಸು ಹತ್ತುತ್ತೇವೆ. ಇಪ್ಪತ್ತೈದು ವರ್ಷ ಈ ಸಂಸಾರ ನಡೆದಿರುವುದು ಇದರ ಮೇಲೆ. ಇದರ ಬಗ್ಗೆ ನಾವಿಬ್ಬರೂ ಒಂದು ದಿನವೂ ಬಾಯಿಬಿಟ್ಟು ಮಾತಾಡಿಲ್ಲ.

ಮಾರನೆಯ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಮೆಟ್ಟಿಲ ಬಳಿ ಹಾಜರಾದೆವು. ನಮ್ಮ ಮುಂದೆ ಆರುನೂರು ಜನ ಹಾಜರಾಗಿದ್ದರು. ಹಳದಿ ಚೀಟಿಯವರಿಗೆ ಬೇರೆ ಬಾಗಿಲು. ಅತ್ತೆಯವರು ಮಂಡಿನೋವಿನ ಕೋಲು ಬೀಸುತ್ತ, "ಬರ್ತೀನಿ ಅಳಿಯಂದ್ರೇ, ನೀವು ನಿಧಾನವಾಗಿ ಬನ್ನಿ," ಎಂದು ಆ ಬಾಗಿಲಲ್ಲಿ ಮರೆಯಾದರು. ನಮ್ಮ ಮೊದಲನೆಯ ಪೀರಿಯಡ್ಡು ಸಾಲಿನಲ್ಲೇ ಮುಗಿಯಿತು.

ಇಳಿದ ಮೇಲೆ ನೋಡಿದರೆ ಊರು ಅಲ್ಲಿರಲಿಲ್ಲ! ಇದ್ದದ್ದು ಕಬ್ಬಿಣದ ದೊಡ್ಡ ದೊಡ್ಡ ಡಬ್ಬಗಳು, ಒಂದರ ಮೇಲೊಂದು. ನಕ್ಷೆಯಲ್ಲಿ ಹಡಗಿಗೂ ಊರಿಗೂ ನಡುವೆ ಒಂದು ಹೆಬ್ಬೆರಳಿನಷ್ಟು ಜಾಗ ಖಾಲಿ ಬಿಟ್ಟಿದ್ದರು. ಆ ಹೆಬ್ಬೆರಳು ಐದು ಕಿಲೋಮೀಟರು.

"ನಡ್ಕೊಂಡು ಹೋಗಂಗಿಲ್ಲ ಸಾರ್, ಬಂದರಿನ ಬಸ್ಸಲ್ಲೇ ಹೋಗ್ಬೇಕು," ಎಂದ ಕಾವಲಿನವನು.

"ಬಸ್ಸು ಎಷ್ಟು ಹೊತ್ತಿಗೆ?"

"ತುಂಬಿದ ಹೊತ್ತಿಗೆ."

ಟೈಮ್‌ಟೇಬಲ್ ಹಾಕುವವನಿಗೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಎರಡನೆಯ ಪೀರಿಯಡ್ಡು ಬಸ್ಸು ತುಂಬುವುದರಲ್ಲಿ ಹೋಯಿತು.

ಮ್ಯೂಸಿಯಮ್ಮಿಗೆ ಅಂದು ರಜೆ. ನಾನು ಎದೆಗುಂದಲಿಲ್ಲ. ಮೇಷ್ಟ್ರು ರಜೆ ಹಾಕಿದರೆ ನಾವೇನು ಮಾಡುತ್ತೇವೆ? ಇನ್ನೊಬ್ಬರನ್ನು ಆ ಕ್ಲಾಸಿಗೆ ಕಳಿಸುತ್ತೇವೆ. ಮ್ಯೂಸಿಯಮ್ಮಿನ ಪೀರಿಯಡ್ಡಿಗೆ ಸೇತುವೆಯನ್ನು ಹಾಕಿದೆ. ಸೇತುವೆಯ ಸುತ್ತ ರಿಪೇರಿಯ ಅಟ್ಟಣಿಗೆ ಕಟ್ಟಿ ತಗಡು ಮುಚ್ಚಿದ್ದರು. ಸೇತುವೆಯ ಪೀರಿಯಡ್ಡಿಗೆ ಗಡಿಯಾರದ ಗೋಪುರವನ್ನು ಹಾಕಿದೆ. ಗಡಿಯಾರ ನಿಂತಿತ್ತು.

"ಇದರಷ್ಟು ಸರಿಯಾಗಿ ಟೈಮ್ ಹೇಳೋರು ನಮ್ಮನೇಲಿ ಒಬ್ರಿದ್ದಾರೆ," ಎಂದಳು ಹೆಂಡತಿ. ಕೇಳಿಸದವನಂತೆ ಕೆಂಪು ಪೆನ್ನಿನಲ್ಲಿ ಗೋಪುರಕ್ಕೆ ಸರಿ ಗುರುತು ಹಾಕಿದೆ.

ಕೋಟೆಯನ್ನು ಹೊರಗಿನಿಂದ, ಮಾರುಕಟ್ಟೆಯನ್ನು ಓಡುತ್ತ, ಹೂದೋಟವನ್ನು ಬೇಲಿಯ ಸಂದಿಯಿಂದ ಮುಗಿಸಿದೆವು. ಎರಡೂ ಮುಕ್ಕಾಲಿಗೆ ಗುಡ್ಡದ ಇನ್ನೂರು ಮೆಟ್ಟಿಲು ಹತ್ತಿ ದೀಪಸ್ತಂಭದ ಬಾಗಿಲಿಗೆ ಬಂದಾಗ ಅಲ್ಲೂ ಸಾಲು. ಗುಡ್ಡದ ಕೆಳಗೆ, ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ, ಸಮುದ್ರತೀರ.

"ರೀ, ಸಮುದ್ರ."

"ಆ ಇಪ್ಪತ್ತು ನಿಮಿಷ ದೀಪಸ್ತಂಭಕ್ಕೆ ಹೋಯ್ತು ಕಣೇ. ಇದೊಂದನ್ನಾದ್ರೂ ಪೂರ್ತಿ ನೋಡೋಣ. ಹಡಗಲ್ಲಿ ಈಜುಕೊಳ ಇದೆಯಲ್ಲ, ಅದರಲ್ಲಿ ಕಾಲು…"

ಅವಳು ನನ್ನನ್ನು ಒಂದು ಸಲ ನೋಡಿದಳು. ಕೂಗಾಡಿದ್ದರೆ ಚೆನ್ನಾಗಿತ್ತು. "ನಾನು ಹೋಗಿ ಬರ್ತೀನಿ. ಹಡಗು ಎಷ್ಟೊತ್ತಿಗೆ?" ಎಂದಳು.

ನನಗೆ ನಾಚಿಕೆಯಾಗಿತ್ತು. ಆ ನಾಚಿಕೆಯಲ್ಲಿ, ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ, ಬಾಯಿಂದ ನಿಜ ಹೊರಬಿತ್ತು. "ನಾಲ್ಕೂವರೆಗೆ. ಸೀದಾ ಹಡಗಿಗೇ ಬಂದ್ಬಿಡು."

ಅವಳು ಇಳಿದು ಹೋದಳು. ನಾನು ಸಾಲಿನಲ್ಲಿ ಹೆಜ್ಜೆಹೆಜ್ಜೆಯಾಗಿ ಮುಂದೆ ಸರಿದೆ. ಮೂರೂ ಇಪ್ಪತ್ತೈದಕ್ಕೆ ನನ್ನ ಮುಂದೆ ಒಬ್ಬನೇ ಉಳಿದಿದ್ದಾಗ ನೆತ್ತಿಯ ಮೇಲೆ ಸಿಡಿಲು ಬಡಿಯಿತು. ನಾಲ್ಕೂವರೆ ಎಂದಿದ್ದೇನೆ! ಅವಳು ಒಂದು ಗಂಟೆ ಕೂಡಿಸಿಕೊಂಡಿರುತ್ತಾಳೆ! ಐದೂವರೆಯವರೆಗೆ ಕಾಲು ನೆನೆಸಿಕೊಂಡು ಆರಾಮವಾಗಿ ನಿಂತಿರುತ್ತಾಳೆ! ಹಡಗು ಹೋಗಿರುತ್ತದೆ, ಅತ್ತೆಯವರು ಅದರಲ್ಲಿರುತ್ತಾರೆ, ನಾವು ಇಲ್ಲಿರುತ್ತೇವೆ. ಫೋನು ಮಾಡೋಣವೆಂದರೆ ಆ ಊರಲ್ಲಿ ನಮ್ಮ ಫೋನುಗಳು ಹಿಡಿಯುತ್ತಿರಲಿಲ್ಲ. ಕ್ಯಾಬಿನ್ನಿನಲ್ಲೇ ಬಿಟ್ಟು ಬಂದಿದ್ದೆವು. ಇಪ್ಪತ್ತೈದು ವರ್ಷ ಸುಳ್ಳು ಹೇಳಿದೆ, ಒಂದು ಬಸ್ಸೂ ತಪ್ಪಲಿಲ್ಲ. ಒಂದು ದಿನ ನಿಜ ಹೇಳಿದೆ, ಇಡೀ ಹಡಗೇ ತಪ್ಪುವ ಹಾಗಾಯಿತು.

"ಮುಂದೆ ಬನ್ನಿ," ಎಂದ ದೀಪಸ್ತಂಭದವನು. ನಾನು ಹಿಂದೆ ಓಡಿದೆ.

ಇನ್ನೂರು ಮೆಟ್ಟಿಲನ್ನು ಹೇಗಿಳಿದೆನೋ ನನ್ನ ಮಂಡಿಗೇ ಗೊತ್ತು. ತೀರದಲ್ಲಿ ಅವಳಿರಲಿಲ್ಲ. ಈ ತುದಿಯಿಂದ ಆ ತುದಿಗೆ ನೋಡಿದೆ, ಇಲ್ಲ. ನೀರಿನ ಅಂಚಿನಲ್ಲಿ, ಒದ್ದೆ ಮರಳಿನ ಮೇಲೆ, ಅವಳ ಎರಡು ಚಪ್ಪಲಿ ಜೋಡಿಸಿಟ್ಟಿದ್ದವು. ಮನೆಯ ಹೊಸ್ತಿಲಾಚೆ ಬಿಡುವ ಹಾಗೆಯೇ, ಒತ್ತೊತ್ತಾಗಿ, ಸಮುದ್ರದ ಕಡೆ ಮುಖ ಮಾಡಿ.

ಆಮೇಲೆ ನಾನು ಏನೇನು ಕೂಗಿದೆನೋ ನೆನಪಿಲ್ಲ. ತೀರದ ರಕ್ಷಕ ಓಡಿ ಬಂದ.

"ಏನ್ ಬಣ್ಣದ ಬಟ್ಟೆ ಹಾಕಿದ್ರು?"

ನೀಲಿ, ಎಂದೆ. ಹಸಿರಿರಬಹುದು, ಎಂದೆ. ಬೆಳಿಗ್ಗೆಯಿಂದ ಜೊತೆಯಲ್ಲೇ ನಡೆದವಳು! ಗುರುವಾರದ ಡ್ರಾಯಿಂಗ್ ಮೇಷ್ಟ್ರು ಎಲ್ಲಿರುತ್ತಾರೆಂದು ಗೊತ್ತು. ನನ್ನ ಹೆಂಡತಿ ಆ ದಿನ ಯಾವ ಬಣ್ಣ ಉಟ್ಟಿದ್ದಳೆಂದು ಗೊತ್ತಿಲ್ಲ. ಅಂಥ ಹೆದರಿಕೆ, ಅಂಥ ನಾಚಿಕೆ ಒಟ್ಟಿಗೆ ನನಗೆ ಯಾವತ್ತೂ ಆಗಿರಲಿಲ್ಲ. ಚಪ್ಪಲಿಯನ್ನು ಎದೆಗೆ ಅವುಚಿಕೊಂಡು, ಬೂಟುಕಾಲಲ್ಲೇ ನೀರಿಗಿಳಿದುಬಿಟ್ಟೆ. ಮಂಡಿ ಮುಳುಗಿತು, ಸೊಂಟ ಮುಳುಗಿತು, ನೀರು ಎದೆಗೆ ಬಂತು, ಒಂದು ಅಲೆ ತಲೆಯ ಮೇಲೇ ಹಾದುಹೋಯಿತು, ಜೇಬಿನಲ್ಲಿದ್ದ ಟೈಮ್‌ಟೇಬಲ್ಲಿನ ಕೆಂಪು ಶಾಯಿ ನೀರಿಗೆ ಬಿಟ್ಟಿತು. ಅದನ್ನು ಕಂಡು ರಕ್ಷಕ, "ಅಯ್ಯೋ ರಕ್ತ!" ಎಂದು ಸೀಟಿ ಊದಿದ. ತೀರದಲ್ಲಿದ್ದವರೆಲ್ಲ ನೀರಿನಿಂದ ಹೊರಗೆ ಓಡಿದರು.

ಐಸ್‌ಕ್ರೀಮ್ ಗಾಡಿಯ ಹೆಂಗಸೊಬ್ಬಳೇ ಓಡಲಿಲ್ಲ. "ಬರಿಗಾಲಲ್ಲಿದ್ದ ಅಮ್ಮನಾ? ಆಗ್ಲೇ ಹೋದ್ರಲ್ಲ! ಹಳದಿ ಬಾವುಟದ ಬಸ್ಸು ಬಂದಿತ್ತು. ಕೋಲು ಹಿಡ್ಕೊಂಡಿದ್ದ ಅಜ್ಜಿ ಬೈದು ಹತ್ತಿಸ್ಕೊಂಡ್ರು," ಎಂದಳು.

ಗಂಟೆ ನಾಲ್ಕೂ ಐದು.

ಬಂದರಿನ ಬಸ್ಸಿನಲ್ಲಿ ನನ್ನನ್ನು ಕೂರಲು ಬಿಡಲಿಲ್ಲ, ಸೀಟು ನೆನೆಯುತ್ತದಂತೆ. ಪುಣ್ಯಕ್ಕೆ ಬಸ್ಸು ತುಂಬಿತ್ತು. ಗೇಟಿನಿಂದ ಹಡಗಿನವರೆಗೆ ಓಡುವಾಗ ಧ್ವನಿವರ್ಧಕದಲ್ಲಿ ನಮ್ಮ ಕ್ಯಾಬಿನ್ ನಂಬರು ಕೇಳಿಸುತ್ತಿತ್ತು. ಎಂಟು ಅಂತಸ್ತಿನ ಕಟಕಟೆಗೂ ಜನ ಒರಗಿ ನಿಂತಿದ್ದರು. ಒದ್ದೆ ಪ್ಯಾಂಟು, ಕೈಯಲ್ಲಿ ಹೆಂಗಸರ ಚಪ್ಪಲಿ, ಏದುಸಿರು. ಜನ ಚಪ್ಪಾಳೆ ತಟ್ಟಿದರು. ಅತ್ತೆಯವರು ಪ್ರವಾಸದವರು ಕೊಟ್ಟಿದ್ದ ಹಳದಿ ಟೋಪಿ ತೆಗೆದು ಬೀಸಿದರು. ಮೆಟ್ಟಿಲ ಅಧಿಕಾರಿ ಗಡಿಯಾರ ನೋಡಿಕೊಂಡ. ನಾಲ್ಕೂ ಮೂವತ್ತೊಂದು.

"ಒಬ್ರು ಬಾಕಿ ಇದ್ರು. ನೀವೇನಾ?"

"ನನ್ನ ಹೆಂಡತಿ…"

"ಅವರು ಮೂರೂವರೆಗೇ ಹತ್ತಿದ್ರಲ್ಲ ಸಾರ್. ನಮ್ಮನೆಯವರು ಬರ್ತಾರೆ, ಒಂದ್ನಿಮಿಷ ತಡೀರಿ ಅಂತ ಇಲ್ಲೇ ನಿಂತು ಬೇಡ್ಕೊತಿದಾರೆ."

ಅವಳು ಅವನ ಹಿಂದೆಯೇ ನಿಂತಿದ್ದಳು. ಬರಿಗಾಲಲ್ಲಿ. ಉಟ್ಟಿದ್ದ ಬಣ್ಣ ಕಂದು.

ಕ್ಯಾಬಿನ್ನಿನಲ್ಲಿ ಅವಳು ಮೊದಲು ಚಪ್ಪಲಿ ನೋಡಿದಳು, ಆಮೇಲೆ ನನ್ನನ್ನು.

"ಬಸ್ಸು ಹೊರಟೇಬಿಡುತ್ತೆ ಅಂತ ಅಮ್ಮ ಕೂಗಿದ್ರು, ಮರೆತು ಓಡಿದೆ. ಹಳೇ ಚಪ್ಪಲಿ ಹೋದ್ರೆ ಹೋಗ್ಲಿ ಅಂದ್ಕೊಂಡೆ. ನೀವ್ಯಾಕೆ ಇಷ್ಟು ನೆಂದಿದೀರಿ?"

"ಚಪ್ಪಲಿ ನೋಡಿ… ನೀನು ನೀರಲ್ಲಿ…"

"ನೀರಿಗಿಳಿದ್ರಾ? ಎಲ್ಲೀವರೆಗೆ?"

ಎದೆ ಮುಟ್ಟಿ ತೋರಿಸಿದೆ.

"ನಿಮಗೆ ಈಜು ಬರುತ್ತಾ?"

"ಇಲ್ಲ."

 ಅವಳು ಟವಲು ತಂದು ನನ್ನ ತಲೆ ಒರೆಸಿದಳು. "ಟೈಮ್‌ಟೇಬಲ್ಲಲ್ಲಿ ಇದೂ ಸೇರಿತ್ತಲ್ಲ," ಎಂದಳು.

ಅವಳು ಅಲೆಯಲ್ಲಿ ನಿಂತದ್ದು ಸರಿಯಾಗಿ ಇಪ್ಪತ್ತು ನಿಮಿಷವಂತೆ. ಅತ್ತೆಯವರು ಕೋಟೆಯನ್ನು ಒಳಗಿನಿಂದ, ಹೂದೋಟವನ್ನು ಬೇಲಿಯೊಳಗಿನಿಂದ ನೋಡಿದ್ದರು. ನಾನು ಪೂರ್ತಿಯಾಗಿ, ಹತ್ತಿರದಿಂದ, ಮನಸಾರೆ ನೋಡಿದ್ದು ಒಂದೇ: ಆ ಚಪ್ಪಲಿ.

"ಅದ್ಸರಿ, ನಾನು ನಾಲ್ಕೂವರೆ ಅಂದೆನಲ್ಲ. ನೀನು ಒಂದು ಗಂಟೆ ಕೂಡಿಸ್ಕೊಳ್ಳಲಿಲ್ವಾ?" ಎಂದು ಕೇಳಿದೆ. ಇಪ್ಪತ್ತೈದು ವರ್ಷದ ಗುಟ್ಟು ಹೀಗೆ ಒದ್ದೆ ಬಟ್ಟೆಯಲ್ಲಿ ಹೊರಗೆ ಬಂತು.

"ಸುಳ್ಳು ಹೇಳೋವಾಗ ನೀವು ಗಡಿಯಾರ ನೋಡ್ಕೊಂಡು ಹೇಳ್ತೀರಿ," ಎಂದಳು. "ಇವತ್ತು ನನ್ನ ಮುಖ ನೋಡ್ಕೊಂಡು ಹೇಳಿದ್ರಿ. ನಾಲ್ಕೂವರೆ ಅಂದ್ರೆ ನಾಲ್ಕೂವರೆನೇ ಅಂತ ಗೊತ್ತಾಯ್ತು."

ನಾನು ತೆಪ್ಪಗೆ ಸ್ಕೇಲನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ. ಮುಂದಿನ ಬಂದರಿಗೆ ನನ್ನ ಹೆಸರನ್ನೂ ಬರೆಸಿಬಿಡು ಎಂದೆ. ಅವಳು ಹೋಗಿ ಮೂರು ಹಳದಿ ಚೀಟಿ ತಂದಳು.

"ನಾಡಿದ್ದು ಬಸ್ಸು ಎಷ್ಟೊತ್ತಿಗಂತೆ?"

ಅವಳು ಗೋಡೆಯ ಗಡಿಯಾರದ ಕಡೆ ತಿರುಗಿ, "ಎಂಟಕ್ಕೆ," ಎಂದಳು.

ಆ ದಿನ ಎಂಟಕ್ಕೆ ಹತ್ತು ನಿಮಿಷವಿರುವಾಗಲೇ ಚೀಟಿ ಅಂಟಿಸಿಕೊಂಡು ಐದನೆಯ ಅಂತಸ್ತಿಗೆ ಹೋದೆ. ಅವರಿಬ್ಬರೂ ಹಿಂದಿನಿಂದ ಬರುತ್ತೇವೆ ಎಂದಿದ್ದರು. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕುರ್ಚಿಗೆ ಒರಗಿಸಿಟ್ಟ ಹಳದಿ ಬಾವುಟ ಒಂದಿತ್ತು. ಅದರ ಹಿಂದಿನ ಕುರ್ಚಿಯಲ್ಲಿ ಕೂತೆ. ಎಂಟಾಯಿತು, ಎಂಟೂವರೆಯಾಯಿತು. ಎಂಟೂ ಐವತ್ತಕ್ಕೆ ಗೈಡಮ್ಮ ಬಂದು, "ಇಷ್ಟು ಬೇಗ ಬಂದ್ಬಿಟ್ಟಿದೀರಲ್ಲ ಸಾರ್, ಬಸ್ಸಿರೋದು ಒಂಬತ್ತಕ್ಕೆ," ಎಂದಳು.

ಒಂಬತ್ತಕ್ಕೆ ಐದು ನಿಮಿಷವಿರುವಾಗ ತಾಯಿ ಮಗಳು ಕಾಫಿ ಕುಡಿದು, ತಲೆ ಬಾಚಿ, ನಗುತ್ತ ಬಂದರು.

"ಎಂಟು ಅಂದಿದ್ದೆಯಲ್ಲೇ!"

"ಮೊನ್ನೆ ಲೇಟಾಗಿ ಬಂದೋರು ಯಾರು?" ಎಂದಳು ಹೆಂಡತಿ. "ನೀವು ಹೊರಡೋದು ನಿಧಾನ. ಅದಕ್ಕೇ ಒಂದು ಗಂಟೆ ಮುಂಚೆ ಹೇಳಿದ್ದು."