ಹಿಂದಿನ ಕನ್ನಡಿ ನೋಡುವ ಮೊಮ್ಮಗ

ಗೆಲ್ಲದೆ ಇರುವುದಕ್ಕೆ ಸಂಬಳ ತೆಗೆದುಕೊಳ್ಳುವ ಗಂಡಸನ್ನು ಎಲ್ಲಾದರೂ ನೋಡಿದ್ದೀರಾ? ನಮ್ಮ ಮನೆಗೆ ಬನ್ನಿ, ತೋರಿಸುತ್ತೇನೆ. ನನ್ನ ಮಗಳ ಮಗ. ಮೂವತ್ತೆರಡು ವರ್ಷ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಮಗಳು ತೀರಿಕೊಂಡ ಮೇಲೆ ಮನೆಯಲ್ಲಿ ಇವನು, ನಾನು, ಒಂದು ಎಮ್ಮೆ.

ಕೃಷ್ಣರಾಜನಗರದ ಗ್ಯಾರೇಜೊಂದರಲ್ಲಿ ಇವನಿಗೆ ಕೆಲಸ. ಅಲ್ಲಿನ ಯಜಮಾನರಿಗೆ ಜೀಪ್ ರೇಸಿನ ಹುಚ್ಚು. ಬೆಳೆ ಕುಯ್ದ ಮೇಲೆ ಹುಣಸೂರು, ಪಿರಿಯಾಪಟ್ಟಣದ ಕಡೆ ಬಯಲಿನಲ್ಲಿ ದೂಳೆಬ್ಬಿಸಿ ಸುತ್ತು ಹೊಡೆಯುತ್ತಾರಲ್ಲ, ಆ ರೇಸು. ಅವರ ಹತ್ತಿರ ಎರಡು ಜೀಪುಗಳಿವೆ. ಬಿಳಿಯದು ಗೆಲ್ಲುವುದಕ್ಕೆ. ಹಸಿರಿನದು ಬಿಳಿಯದನ್ನು ಗೆಲ್ಲಿಸುವುದಕ್ಕೆ! ಬಿಳಿಯದನ್ನು ಓಡಿಸುವವನು ಯಜಮಾನರ ಬಾಮೈದ. ಹಸಿರಿನದಕ್ಕೆ ನಮ್ಮವನು.

"ಅಂಗಾರೆ ನಿನ್ ಕೆಲ್ಸ ಏನ್ಲಾ?" ಎಂದು ಕೇಳಿದೆ.

"ಹಿಂದ್ಲಿಂದ ಬರೋರ್ಗೆ ಅಡ್ಡ ಹಾಕೋದು ಕಣಜ್ಜಿ. ಬಿಳಿ ಜೀಪು ಬಂದ್ರೆ ಮಾತ್ರ ಜಾಗ ಬುಡೋದು."

"ಅಷ್ಟೇಯ? ನಮ್ಮೆಮ್ಮೆ ದಿನಾ ರೋಡಲ್ಲಿ ಅದ್ನೇ ಮಾಡ್ತದಲ್ಲೋ! ಅದುಕ್ಕೆ ಯಾರೂ ಸಂಬ್ಳ ಕೊಡಕಿಲ್ಲ."

ಪಿರಿಯಾಪಟ್ಟಣದ ರೇಸಿನ ದಿನ ಬಿಳಿ ಜೀಪಿನ ಟೈರು ಸೀಳಿತು. ಹಸಿರಿನದರ ಚಕ್ರ ಬಿಚ್ಚಿ ಅದಕ್ಕೆ ಹಾಕಿದರು. ಆಮೇಲೆ ಬ್ಯಾಟರಿ ಕೈಕೊಟ್ಟಿತು. ಅದನ್ನೂ ಬಿಚ್ಚಿಕೊಂಡು ಹೋದರು. ನಾನು ಬುತ್ತಿ ತೆಗೆದುಕೊಂಡು ಹೋದಾಗ ನಮ್ಮವನು ಮೂರೇ ಚಕ್ರದ ಜೀಪಿನಲ್ಲಿ, ನಾಲ್ಕನೆಯದರ ಜಾಗದಲ್ಲಿ ಕಲ್ಲು ಕೊಟ್ಟುಕೊಂಡು, ಹೆಲ್ಮೆಟ್ ಹಾಕಿ ಸ್ಟೀರಿಂಗ್ ಹಿಡಿದು ಕೂತಿದ್ದ.

"ಹೆಲ್ಮೆಟ್ ಯಾಕ್ಲಾ? ಕಲ್ಲು ಓಡೋಯ್ತದಾ?"

"ಯಜಮಾನ್ರು ಕರುದ್ರೆ ರೆಡಿ ಇರ್ಬೇಕಲ್ಲಜ್ಜಿ."

ಯಾರೂ ಕರೆಯಲಿಲ್ಲ. ಬಿಳಿ ಜೀಪು ಗೆದ್ದಿತು. ಜನ ಚಪ್ಪಾಳೆ ತಟ್ಟಿ, ಬಾಮೈದನನ್ನು ಹೆಗಲ ಮೇಲೆ ಹೊತ್ತುಕೊಂಡು ಬಾಡೂಟಕ್ಕೆ ಹೋದರು. ನಮ್ಮವನು ತನ್ನ ಬ್ಯಾಟರಿ ವಾಪಸ್ ಬರಲಿ ಎಂದು ಕಾಯುತ್ತ ಕೂತ. ಅಷ್ಟು ದೊಡ್ಡ ಬಯಲಿನಲ್ಲಿ ನಾವಿಬ್ಬರೇ ಕೂತು ತಣ್ಣಗಾದ ಮುದ್ದೆ ತಿಂದೆವು.

ಜಾಗ ಬಿಟ್ಟುಕೊಡುವ ಈ ಚಟ ರೇಸಿನಲ್ಲೇ ಇದ್ದಿದ್ದರೆ ನಾನೇನೂ ಅನ್ನುತ್ತಿರಲಿಲ್ಲ. ಸಾಲಿಗ್ರಾಮಕ್ಕೆ ಹೆಣ್ಣು ನೋಡಲು ಹೋದಾಗ ಇವನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದೆ. ಹುಡುಗಿ ಕಾಫಿ ತಟ್ಟೆ ಹಿಡಿದು ಬರುವುದಕ್ಕೂ, ಇವನ ದೊಡ್ಡಪ್ಪನ ಮಗ ತಡವಾಗಿ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ನಮ್ಮವನು ದಡಕ್ಕನೆ ಎದ್ದ. "ಬಾ ಅಣ್ಣ, ಇಲ್ಲಿ ಕುಂತ್ಕೋ!"

ಹುಡುಗಿ ಪಾಪ, ನಡುವೆ ಕೂತವನೇ ಗಂಡು ಎಂದುಕೊಂಡು ಒಪ್ಪಿಬಿಟ್ಟಳು. ಮದುವೆಯೂ ಆಯಿತು. ಮದುಮಕ್ಕಳ ಕಾರು ಓಡಿಸಿದವನು ಯಾರು ಅನ್ನುತ್ತೀರಿ?

ಈ ಸಲ ಹುಣಸೂರಿನ ರೇಸಿಗೆ ಮುಂಚೆ ಯಜಮಾನರು ಇಬ್ಬರನ್ನೂ ಕರೆದು ಹೇಳಿದರು: "ಮುಂದಿನ್ ವರ್ಷದಿಂದ ಒಂದೇ ಜೀಪು. ಎರಡು ಸಾಕಕ್ಕಾಗಕಿಲ್ಲ. ಇವತ್ತು ಯಾರೂ ಯಾರ್ಗೂ ಜಾಗ ಬುಡಂಗಿಲ್ಲ. ನಿಮ್ಮಿಬ್ಬರಲ್ಲಿ ಮುಂದೆ ಬಂದೋನೇ ಇನ್ಮೇಲೆ ಬಿಳಿ ಜೀಪು ಓಡ್ಸೋನು."

ಇವನು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ, "ಒಂದ್ಸಲ ಕಣಜ್ಜಿ. ಒಂದೇ ಒಂದ್ಸಲ," ಅನ್ನುತ್ತಿದ್ದ.

ಓಡಿಸಿದ ನೋಡಿ! ಮೊದಲ ಸುತ್ತಿನಿಂದಲೇ ಹಸಿರು ಜೀಪು ಮುಂದೆ. ಇಷ್ಟು ವರ್ಷ ಬಚ್ಚಿಟ್ಟಿದ್ದ ವೇಗವನ್ನೆಲ್ಲ ಅವತ್ತೇ ಸುರಿದುಬಿಟ್ಟ. ಕೊನೇ ಸುತ್ತು, ಕೊನೇ ತಿರುವು. ಮುಂದೆ ಒಂದು ನರಪಿಳ್ಳೆಯೂ ಇಲ್ಲ. ಆಗ ಜೀಪು ನಿಧಾನವಾಯಿತು. ಮರ್ಯಾದಸ್ಥರ ಹಾಗೆ ಎಡಕ್ಕೆ ಸರಿದು ನಿಂತಿತು. ಬಿಳಿ ಜೀಪು ಬುಸ್ಸೆಂದು ಮುಂದೆ ಹೋಯಿತು!

"ನಿನ್ ಮನೆ ಹಾಳಾಗ! ಓಗ್ಲಾ!" ಎಂದು ಕಿರುಚಿದೆ. ಅವನ ಮನೆ ನನ್ನದೇ ಎಂಬುದು ಆಮೇಲೆ ನೆನಪಾಯಿತು.

ಜನ ಎಲ್ಲ ಬಿಳಿ ಜೀಪಿನ ಕಡೆ ಓಡಿದರು. ಇವನು ಹಳೇ ಬಟ್ಟೆ ಹಿಡಿದು ಹಸಿರಿನದರ ದೂಳು ಒರೆಸುತ್ತಿದ್ದ. ನಾಳೆ ಯಾರಿಗೂ ಬೇಡದ ಜೀಪು.

"ಯಾಕ್ಲಾ ಬುಟ್ಟೆ?"

"ಗೊತ್ತಿಲ್ಲ ಕಣಜ್ಜಿ. ಕನ್ನಡೀಲಿ ಬಿಳಿ ಜೀಪು ಕಾಣ್ತು. ಕೈ ತಾನೇ ತಿರುಗ್ಬುಡ್ತು."

ಅವನ ಕೈಯಿಂದ ಬಟ್ಟೆ ಕಿತ್ತುಕೊಂಡು ಅವನ ಮುಖದ ದೂಳು ಒರೆಸಿದೆ.

ಸ್ಕೂಟರಿನಲ್ಲಿ ಊರ ದಾರಿ ಹಿಡಿದೆವು. ಮುಂದೆ ಕಬ್ಬಿನ ಟ್ರ್ಯಾಕ್ಟರೊಂದು ಆಮೆಯ ಹಾಗೆ ಹೋಗುತ್ತಿತ್ತು. ಇವನು ಅದರ ಹಿಂದೆಯೇ, ಕಣ್ಣು ಕನ್ನಡಿಯಲ್ಲಿ. ರಸ್ತೆ ಖಾಲಿ. ಹಿಂದೆ ಒಂದು ನಾಯಿಯೂ ಇಲ್ಲ. ಯಾರಿಗೆ ಜಾಗ ಬಿಡಲು ಕಾಯುತ್ತಿದ್ದನೋ!

"ನಿಲ್ಸ್ಲಾ ಗಾಡಿ."

ಇಳಿದು, ಕನ್ನಡಿ ತಿರುಗಿಸಿ, ಮತ್ತೆ ಹತ್ತಿ ಕೂತೆ. "ಈಗ ಯಾರ್ ಕಾಣ್ತಾರೆ?"

"ನೀನೇ ಕಣಜ್ಜಿ."

"ಇಂದೆ ಇರೋಳು ನಾನೊಬ್ಳೇ. ನಂಗೇನೂ ಅರ್ಜೆಂಟಿಲ್ಲ, ಜಾಗನೂ ಬ್ಯಾಡ. ನೀನ್ ಓಗು."

ಕನ್ನಡಿಯಲ್ಲಿ ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಸ್ಕೂಟರು ಹಾರಿತು. ಟ್ರ್ಯಾಕ್ಟರು ಹಿಂದೆ ಬಿತ್ತು, ಸೆರಗು ಕೈಗೆ ಸಿಗದ ಹಾಗೆ ಹಾರಾಡಿತು. ನಾನು ಹಿಡಿದುಕೊಂಡಿದ್ದ ಎರಡು ಕೈಯನ್ನೂ ಬಿಟ್ಟು, ಬಿದ್ದರೆ ಬೀಳಲಿ ಎಂದು, ಚಪ್ಪಾಳೆ ತಟ್ಟಿದೆ.

"ಅಜ್ಜೀ, ಇಡ್ಕೋ! ಬಿದ್ದೋಯ್ತೀಯ!"

"ನೀನ್ ಮುಂದೆ ನೋಡ್ಲಾ," ಎಂದೆ.