ಕೋಳಿಗೂಡಿನ ಚಿಲಕ ಮತ್ತು ನನ್ನ ಹೆಸರು

ನನ್ನ ಅಕ್ಷರ ಚೆನ್ನಾಗಿಲ್ಲ, ದಯವಿಟ್ಟು ಕ್ಷಮಿಸಿ. ಮಾತುಗಳೂ ಅಷ್ಟಕ್ಕಷ್ಟೇ. ಪಿಯುಸಿಯನ್ನು ಅರ್ಧಕ್ಕೆ ಬಿಟ್ಟವಳು ನಾನು. (ಹಾಜರಿ ಕೂಗುವಾಗ ನನ್ನ ಗಂಟಲಿನಿಂದ ದನಿ ಹೊರಡುತ್ತಿರಲಿಲ್ಲ. ಮೊದಲ ಬೆಂಚಿನಲ್ಲಿ ಕೂತೇ ಮೂರು ತಿಂಗಳು ಗೈರುಹಾಜರಾದೆ.) ಆದರೆ ನಮ್ಮ ಮನೆಯಲ್ಲಿ ನಡೆದ ಘನಘೋರ ಅನ್ಯಾಯವನ್ನು ಬರೆಯದೆ ಇರಲಾರೆ.

ನಾವಿರುವುದು ಬಾಳೂರಿನ ಹತ್ತಿರದ ಒಂದು ಎಸ್ಟೇಟಿನಲ್ಲಿ. ಪಪ್ಪ ಅಲ್ಲಿ ಲೆಕ್ಕ ಬರೆಯುವ ರೈಟರು. ಈ ಸಲ ಕ್ರಿಸ್ಮಸ್ಸಿಗೆ ನಾಲ್ಕು ವಾರ ಮೊದಲಿನಿಂದ ಹೊಸ ವರ್ಷದವರೆಗೆ, ಸಂಜೆ ಜಪಸರದ ಪ್ರಾರ್ಥನೆಗೆ ಮುಂಚೆ ಪ್ರತಿ ಮನೆಯವರೂ ದೇವರಿಗೆ ಕೃತಜ್ಞತೆ ಹೇಳಬೇಕೆಂದು ಚರ್ಚಿನಲ್ಲಿ ಫಾದರ್ ಹೇಳಿದರು. ಬಾಯಿಬಿಟ್ಟು ಹೇಳಲು ನಾಚಿಕೆಯಾಗುವವರು ಚೀಟಿ ಬರೆದು, ಬಾಲಯೇಸುವನ್ನು ಮಲಗಿಸುವ ಗೋದಲಿಯ ಪಕ್ಕದ ಪೆಟ್ಟಿಗೆಗೆ ಹಾಕಬಹುದು, ಹೆಸರು ಬೇಡ, ಹಬ್ಬದ ದಿನ ಕೆಲವನ್ನು ಓದುತ್ತೇನೆ ಎಂದರು.

ನಮ್ಮಮ್ಮನಿಗೆ ನಾಚಿಕೆ ಎಂಬುದೇ ಇಲ್ಲ. ದಿನಾ ಮುಸ್ಸಂಜೆ ನಾನು ಕೋಳಿಗಳನ್ನು ಗೂಡಿಗೆ ಕೂಡಿ, ಮೂರು ಸಲ ಎಣಿಸಿ, ಚಿಲಕ ಎಳೆದು ನೋಡಿ, ಅರ್ಧ ದಾರಿಯಿಂದ ಹಿಂದಿರುಗಿ ಮತ್ತೊಮ್ಮೆ ಎಳೆದು ನೋಡಿ (ಮುಂಗುಸಿ ಇದೆ), ಒಳಗೆ ಬಂದು ಮಂಡಿಯೂರುವಾಗ ಅಮ್ಮನ ಕೃತಜ್ಞತೆ ಭರದಿಂದ ಸಾಗಿರುತ್ತಿತ್ತು. ಮೊದಲ ದಿನ ಗ್ಯಾಸ್ ಸಿಲಿಂಡರಿಗೆ. ಎರಡನೆಯ ದಿನ ಮಿಕ್ಸಿಗೆ, ಮತ್ತು ಅದನ್ನು ರಿಪೇರಿ ಮಾಡಿಕೊಟ್ಟ ಮೆಕ್ಯಾನಿಕ್ ಉಬೈದಣ್ಣನಿಗೆ. ಮುಂದೆ ಬೆಕ್ಕಿಗೆ. ಒಂದು ದಿನವಂತೂ ಪಪ್ಪನ ಹಳೆಯ ಸ್ವೆಟರಿಗೆ.

ನನಗೆ? ಇಲ್ಲ. ಒಂದು ದಿನವೂ ಇಲ್ಲ.

ಹಬ್ಬಕ್ಕೆ ಹಂಚುವ ಕುಸ್ವಾರದ ತಿಂಡಿಗಳಿಗೆ ಹಿಟ್ಟು ಕಲಸಿದವಳು ನಾನು. ಹಿಟ್ಟಿನ ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಉರುಳಿಸಿ ಇನ್ನೂರ ಹನ್ನೆರಡು ಕಿಡಿಯೊ ಕರಿದವಳು ನಾನು. (ಕೆಲವು ಸೀದವು. ಅವನ್ನು ಯಾರೂ ನೋಡದಂತೆ ಕೋಳಿಗಳಿಗೆ ಹಾಕಿದೆ.) ಗೋದಲಿಗೆ ಪಾಚಿ ಕೆರೆದು ತರುವಾಗ ಮೂರು ಜಿಗಣೆಗಳಿಗೆ ರಕ್ತದಾನ ಮಾಡಿದವಳೂ ನಾನೇ. ಸ್ವೆಟರು ಏನು ಮಾಡಿತ್ತು?

"ಪಪ್ಪಾ, ಅಮ್ಮ ಯಾರ್ಯಾರ ಹೆಸರು ಹೇಳ್ತಾರೆ, ನೀವು ಕೇಳಿಸ್ಕೊಳ್ತೀರಾ?" ಎಂದು ಕೇಳಿದೆ.

"ನಾನು ಕಣ್ಣು ಮುಚ್ಚಿದ್ರೆ ಮುಗೀತು ಮಾರಾಯ್ತಿ, ಪೂರ್ತಿ ಭಕ್ತಿ," ಎಂದರು. ಆ ಭಕ್ತಿಗೆ ಗೊರಕೆಯೂ ಇರುತ್ತದೆ.

ಕೊನೆಗೆ ನಾನೇ ಚೀಟಿ ಬರೆದೆ. ನಾಲ್ಕು ಹಾಳೆ ಹರಿದು ಐದನೆಯದರಲ್ಲಿ ಸರಿಯಾಯಿತು: "ಸ್ವಾಮಿ, ನನ್ನ ಮಗಳಿಗಾಗಿ ವಂದನೆ. ಇನ್ನೂರ ಹನ್ನೆರಡು ಕಿಡಿಯೊಗಳನ್ನು ಒಬ್ಬಳೇ ಮಾಡಿದಳು. ಒಂದು ಮಾತೂ ಎದುರಾಡಲಿಲ್ಲ. ಇಂತಿ, ಒಬ್ಬ ತಾಯಿ." ಸಂಖ್ಯೆ ಕೇಳಿದೊಡನೆ ಅಮ್ಮನಿಗೆ ತನ್ನ ತಪ್ಪು ಅರಿವಾಗಿ, ತುಂಬಿದ ಚರ್ಚಿನಲ್ಲಿ ನನ್ನ ಕೈ ಹಿಡಿಯುತ್ತಾರೆ ಎಂದು ನನ್ನ ಲೆಕ್ಕಾಚಾರ.

ಕ್ರಿಸ್ಮಸ್ ಬೆಳಿಗ್ಗೆ ಬಲಿಪೂಜೆಯ ಕೊನೆಗೆ ಫಾದರ್ ಅದನ್ನೇ ಓದಿದರು. ಇಡೀ ಚರ್ಚಿನ ತಾಯಂದಿರೆಲ್ಲ ಒಟ್ಟಿಗೆ ಕರಗಿ ತಂತಮ್ಮ ಹೆಣ್ಣುಮಕ್ಕಳ ತಲೆ ಸವರಿದರು. ಒಲೆಯ ಮುಖವನ್ನೇ ನೋಡದ ನಮ್ಮ ಮುಂದಿನ ಬೆಂಚಿನ ಶರ್ಲಿನ್‌ಗೆ ಒಂದು ಮುತ್ತೂ ಸಿಕ್ಕಿತು. ನನ್ನಮ್ಮ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಆ ತಾಯಿಗೆ ಬೇರೆ ಕೆಲ್ಸ ಇಲ್ವಾ? ಕಿಡಿಯೊ ಎಣಿಸ್ತಾ ಕೂತಿದ್ದಾಳಲ್ಲ."

ಮಧ್ಯಾಹ್ನ ಕುಸ್ವಾರದ ತಟ್ಟೆ ಹಿಡಿದು ಉಬೈದಣ್ಣನ ಮನೆಗೆ ಹೋದೆ. ಅವರ ಹೆಂಡತಿ ಮರಿಯಂ ಆಂಟಿ ಸಂಜೆ ಹೊತ್ತು ನಮ್ಮಲ್ಲಿಗೆ ಮೊಟ್ಟೆಗೆ ಬರುವವರು. ಪ್ರಾರ್ಥನೆ ನಡೆಯುತ್ತಿದ್ದರೆ ಮುಗಿಯುವವರೆಗೂ ಜಗಲಿಯಲ್ಲೇ ಕಾಯುತ್ತಾರೆ. ಬಾಗಿಲು ತೆಗೆದವಳು ಅವರ ಮಗಳು ಶಿಫಾ.

"ಬಂದ್ಯಾ ಮಾರಾಯ್ತಿ? ನಿನ್ನ ಹೆಸರು ಕೇಳಿ ಕೇಳಿ ನಂಗೆ ಸಾಕಾಗಿದೆ. ಉಮ್ಮ ದಿನಾ ಮೊಟ್ಟೆ ಜೊತೆ ನಿನ್ನ ಗುಣಗಾನನೂ ತರ್ತಾರೆ."

"ನನ್ನದಾ?"

ಆಂಟಿ ತಟ್ಟೆ ತೆಗೆದುಕೊಂಡರು. "ನಿಮ್ಮಮ್ಮ ಮೇಣದಬತ್ತಿ ಹಚ್ಚಿದ ಕೂಡ್ಲೇ ಮೊದ್ಲು ಹೇಳೋದು ನಿನ್ನ ಹೆಸ್ರೇ ಅಲ್ವನಾ? 'ಜೆಸಿಂತಾನ್ನ ಕೊಟ್ಟಿದ್ದಕ್ಕೆ ದೇವ್ರೇ' ಅಂತ. ಆಮೇಲೇ ಸಿಲಿಂಡರು ಗಿಲಿಂಡರು ಎಲ್ಲ. ನಾ ಬಂದ ದಿನವೆಲ್ಲ ಕೇಳಿದ್ದೀನಿ. ನಿಂಗೆ ಗೊತ್ತಿಲ್ವಾ? ಆವಾಗ ಎಲ್ಲಿರ್ತೀಯ ನೀನು?"

ಎಲ್ಲಿರುತ್ತೇನೆ? ಕೋಳಿಗೂಡಿನ ಚಿಲಕವನ್ನು ಎರಡನೇ ಸಲ ಎಳೆದು ನೋಡುತ್ತಿರುತ್ತೇನೆ.

ಮನೆಗೆ ಬಂದು ಅಮ್ಮನ ಎದುರು ನಿಂತೆ. "ನನ್ನ ಹೆಸರನ್ನ ಮೊದಲೇ ಯಾಕೆ ಹೇಳ್ತೀರಿ? ನಾನು ಬಂದ ಮೇಲೆ ಹೇಳಬಾರದಿತ್ತಾ?"

"ನಿನ್ನ ಚಿಲಕ ಕಾಯ್ತಾ ಕೂತ್ರೆ ಮೇಣದಬತ್ತಿ ಮುಗ್ದೇ ಹೋಗತ್ತೆ," ಎಂದರು ಅಮ್ಮ, ಪಾತ್ರೆ ಒರೆಸುತ್ತಾ. ನನ್ನ ಮುಖ ನೋಡಲಿಲ್ಲ. "ಅಂದ ಹಾಗೆ, ಆ ಚೀಟಿ ಬರೆದ ತಾಯಿ ಸಿಕ್ಕಿದ್ರೆ ಒಂದ್ಮಾತು ಕೇಳ್ಬೇಕು. ಮೂವತ್ತೊಂದು ಸೀದು ಕೋಳಿ ಪಾಲಾಗಿದ್ದನ್ನ ಯಾಕೆ ಬರೀಲಿಲ್ಲ ಅಂತ."

ನಾನು ಎಣಿಸಿರಲಿಲ್ಲ. ಅಮ್ಮ ಎಣಿಸಿದ್ದರು.

ಶನಿವಾರ ಚರ್ಚಿಗೆ ಹೋಗಿ, ಚೀಟಿ ಓದಿದ ಫಾದರ್ ಹತ್ತಿರವೇ ಪಾಪನಿವೇದನೆ ಮಾಡುತ್ತೇನೆ. ಇವತ್ತು ಸಂಜೆ ಮೇಣದಬತ್ತಿ ಹಚ್ಚುವ ಮೊದಲೇ ಕೋಳಿಗಳನ್ನು ಕೂಡಿ, ಚಿಲಕವನ್ನು ಒಂದೇ ಸಲ ನೋಡಿ ಬರುತ್ತೇನೆ.